ಟೀವಿಯವರ ‘ಐತಿ’, ನಮ್ಮೂರಿನ ‘ಅದ’

2017ರಲ್ಲಿ ಬೆಂಗಳೂರಿಗೆ ಬಂದು ಮೊದಲ ಕೆಲಸಕ್ಕೆ ಸೇರಿ ಇನ್ನೂ ಮೂರು ವಾರ ಆಗಿತ್ತಷ್ಟೆ. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ ಅವ್ವನ ಫೋನು ಬಂತು. ‘ಹೂಂ ಯವ್ವಾ, ಉಣ್ಲಾಕತ್ತೀನಿ. ಇಲ್ಲಿ ರೊಟ್ಟಿ ಎಲ್ಲಿ ಸಿಗ್ತಾವ, ಬರೀ ಅನ್ನಾನೇ ಅದ. ಅಪ್ಪಗ ಹೇಳು, ಪಗಾರ ಆದಮ್ಯಾಲ ರೊಕ್ಕ ಹಾಕ್ತೀನಿ’ ಅಂತ ಹೇಳಿ ಫೋನಿಟ್ಟೆ. ತಲೆ ಎತ್ತಿ ನೋಡಿದರೆ ಟೇಬಲ್ಲಿನ ಐದೂ ಜನ ತಟ್ಟೆ ಬಿಟ್ಟು ನನ್ನನ್ನೇ ನೋಡಿ ನಗ್ತಿದ್ದಾರೆ. ಒಬ್ಬ ಹೇಳಿದ, ‘ಮಗಾ, ಸೇಮ್ ಕಾಮಿಡಿ ಕಿಲಾಡಿಗಳು! ಇನ್ನೊಂದ್ಸಲ ಮಾತಾಡೋ, ವಿಡಿಯೊ ಮಾಡ್ಕೋತೀನಿ.’

ಅವನು ಕೆಟ್ಟವನಲ್ಲ. ಆಮೇಲೆ ನನಗೆ ರೂಮು ಹುಡುಕಿಕೊಟ್ಟವನೂ ಅವನೇ. ನಾನೂ ನಕ್ಕೆ, ಇನ್ನೊಂದ್ಸಲ ಮಾತಾಡಿಯೂ ತೋರಿಸಿದೆ. ಒಂದೆರಡು ವರ್ಷ ಟೀಂ ಔಟಿಂಗ್‌ಗಳಲ್ಲಿ ಅದೇ ನನ್ನ ಐಟಂ ಆಗಿತ್ತು. ಅವ್ವ ಫೋನಿನಲ್ಲಿ ಬಯ್ಯೋದು ಹೇಗೆ, ವಾಡಿ ಸ್ಟೇಷನ್ನಿನಲ್ಲಿ ಸೀಟಿಗೆ ಜಗಳ ಹೇಗೆ ನಡೆಯುತ್ತೆ ಅಂತ ಮಾಡಿ ತೋರಿಸಿದರೆ ಜನ ಬಿದ್ದು ಬಿದ್ದು ನಗ್ತಿದ್ರು. ಉಳಿದ ಹೊತ್ತಿನಲ್ಲಿ ಮಾತ್ರ ‘ಬರ್ತಾ ಇದೀನಿ, ಮಾಡ್ತಾ ಇದೀನಿ’ ಅಂತ ನೀಟಾಗಿ ಮಾತಾಡೋದು ಕಲಿತೆ. ಅವ್ವನ ಫೋನು ಬಂದರೆ ಎದ್ದು ಮೆಟ್ಟಿಲ ಹತ್ತಿರ ಹೋಗೋದನ್ನೂ ಕಲಿತೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನನಗೆ ಕಾಮಿಡಿ ಕಿಲಾಡಿಗಳು ಅಂದ್ರೆ ಪ್ರಾಣ. ಈ ಬರಹ ಅದನ್ನು ಬಯ್ಯೋಕೆ ಬರೆದಿದ್ದಲ್ಲ.

ಜೀ ಕನ್ನಡದಲ್ಲಿ ಇದು ಶುರುವಾಗಿದ್ದು 2016ರ ಅಕ್ಟೋಬರಿನಲ್ಲಿ. ಜಗ್ಗೇಶ್, ರಕ್ಷಿತಾ, ಯೋಗರಾಜ್ ಭಟ್ ತೀರ್ಪುಗಾರರು, ಮಾಸ್ಟರ್ ಆನಂದ್ ನಿರೂಪಕ. ಆಗ ನಾನು ಇಂಜಿನಿಯರಿಂಗ್ ಕೊನೆಯ ವರ್ಷ. ಹಾಸ್ಟೆಲಿನ ಟೀವಿ ಮುಂದೆ ಶನಿವಾರ ರಾತ್ರಿ ಕಾಲಿಡೋಕೆ ಜಾಗ ಇರ್ತಿರಲಿಲ್ಲ. ಅದಕ್ಕೂ ಮುಂಚೆ ಕನ್ನಡ ಟೀವಿಯಲ್ಲಿ ಕಾಮಿಡಿ ಇರಲಿಲ್ಲ ಅಂತಲ್ಲ. ಪಾಪಾ ಪಾಂಡು, ಸಿಲ್ಲಿ ಲಲ್ಲಿ ನೋಡಿಕೊಂಡೇ ಬೆಳೆದವರು ನಾವು. ಆದರೆ ಅವೆಲ್ಲ ಹೆಚ್ಚುಕಡಿಮೆ ಬೆಂಗಳೂರಿನ ಒಂದು ಮನೆಯೊಳಗೆ ನಡೆಯುವ ಕಥೆಗಳು. ಕಿಲಾಡಿಗಳು ಊರೂರಿನಿಂದ ಜನರನ್ನು ಕರೆತಂದು ಸ್ಟೇಜಿನ ಮೇಲೆ ನಿಲ್ಲಿಸಿತು. ಹೆಸರುಗಳನ್ನೇ ನೋಡಿ. ಮೊದಲ ಸೀಸನ್ ಗೆದ್ದವರು ಶಿವರಾಜ್ ಕೆ.ಆರ್. ಪೇಟೆ. ಉಳಿದವರಲ್ಲಿ ಮಡೆನೂರು ಮನು, ಕರಾವಳಿಯ ಹಿತೇಶ್ ಕಾಪಿನಡ್ಕ, ಪಲ್ಲವಿ ಬಳ್ಳಾರಿ. ಸಿನಿಮಾಕ್ಕೆ ಬಂದವರು ಊರ ಹೆಸರು ಬಿಟ್ಟು ಚೆಂದದ ಹೊಸ ಹೆಸರು ಇಟ್ಟುಕೊಳ್ಳೋದು ವಾಡಿಕೆ. ಇವರು ಮಾತ್ರ ಊರಿನ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದರು.

ಮೂರನೇ ಸೀಸನ್ ಗೆದ್ದ ಉಡುಪಿ ಕಡೆಯ ರಾಕೇಶ್ ಪೂಜಾರಿಯನ್ನು ನೀವು ಮರೆತಿರಲಿಕ್ಕಿಲ್ಲ. 2025ರ ಮೇ 12ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಆ ದಿನ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಅವ್ವ ಅವರ ಫೋಟೊ ಹಾಕಿ, ‘ನಮ್ಮ ಮನಿ ಹುಡುಗ ಹೋದಂಗ ಆಗ್ಯಾದ’ ಅಂತ ವಾಯ್ಸ್ ಮೆಸೇಜ್ ಕಳಿಸಿದ್ದಳು. ವಾಡಿಯ ಅವ್ವನಿಗೂ ಉಡುಪಿಯ ಹುಡುಗನಿಗೂ ಏನು ಸಂಬಂಧ? ವಾರಕ್ಕೆರಡು ರಾತ್ರಿ ಮನೆಯೊಳಗೆ ಬಂದು ನಗಿಸಿ ಹೋಗ್ತಿದ್ದ, ಅಷ್ಟೇ.

ಸರಿ, ಹಾಗಾದರೆ ಕ್ಯಾಂಟೀನಿನ ಆ ನಗು ಯಾಕೆ ಇಷ್ಟು ವರ್ಷ ಚುಚ್ಚಿತು? ಇದಕ್ಕೆ ಸ್ಕಿಟ್ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ನೋಡಬೇಕು.

ಒಂದು ಸ್ಕಿಟ್ಟಿಗೆ ಸಿಗೋದು ಹೆಚ್ಚೆಂದರೆ ಎಂಟು ಹತ್ತು ನಿಮಿಷ. ಅಷ್ಟರಲ್ಲಿ ಗಂಡ ಯಾರು, ಮಾವ ಯಾರು, ಕಳ್ಳ ಯಾರು ಎಲ್ಲ ಗೊತ್ತಾಗಬೇಕು, ಮೂವತ್ತು ಸೆಕೆಂಡಿಗೊಂದು ನಗು ಬೇಕು. ಪಾತ್ರ ಕಟ್ಟೋಕೆ ಪುರುಸೊತ್ತಿಲ್ಲ. ಹಾಗಾಗಿ ಬಾಯಿ ತೆರೆದ ಮೊದಲ ಮಾತಿನಲ್ಲೇ ಆಸಾಮಿ ಯಾರು ಅಂತ ಹೇಳಿಬಿಡಬೇಕು. ಅದಕ್ಕೆ ಸಿಗುವ ಸುಲಭದ ಶಾರ್ಟ್‌ಕಟ್ ಅಂದ್ರೆ ಭಾಷೆ. ಮಂಡ್ಯದ ಮಾತು ಬಂದರೆ ಒರಟ ಆದರೆ ಒಳ್ಳೆಯವ. ಮಂಗಳೂರು ಕನ್ನಡ ಬಂದರೆ ಭಟ್ಟರು ಅಥವಾ ಹೋಟೆಲಿನವರು. ಬೆಂಗಳೂರು ಕನ್ನಡ ಬಂದರೆ ಸಾಹೇಬ, ಡಾಕ್ಟ್ರು, ಪೊಲೀಸ್ ಇನ್‌ಸ್ಪೆಕ್ಟರ್. ‘ಯಾಕ್ರೀ ಸಾಹೇಬ್ರ, ಏನ್ ಆಗೈತ್ರಿ’ ಅಂತ ಬಂದರೆ ಆಳು, ವಾಚ್‌ಮನ್, ಗಾರೆ ಕೆಲಸದವ, ಇಲ್ಲವೇ ಡಾಕ್ಟರ ಮುಂದೆ ಕೂತ ಪೇಷೆಂಟು. ಬರೆಯುವವರು ಹೀಗಂತ ಎಲ್ಲೂ ಬರೆದಿಟ್ಟುಕೊಂಡಿಲ್ಲ. ನಮ್ಮ ಕಸುಬಿನ ಮಾತಿನಲ್ಲಿ ಹೇಳೋದಾದರೆ, ಇದು ಯಾರೂ ಕೂತು ಯೋಚಿಸಿ ಇಟ್ಟಿದ್ದಲ್ಲ, ಯಾರೂ ಬದಲಾಯಿಸದೇ ಉಳಿದುಹೋದ ಡಿಫಾಲ್ಟ್ ಸೆಟ್ಟಿಂಗ್.

ಬದಲಾಯಿಸೋಕೆ ಬರೋದೇ ಇಲ್ಲ ಅಂತೇನಿಲ್ಲ. ಕಲರ್ಸ್ ಕನ್ನಡದಲ್ಲಿ 2015ರಲ್ಲಿ ಶುರುವಾದ ಸೃಜನ್ ಲೋಕೇಶ್ ಅವರ ಮಜಾ ಟಾಕೀಸ್‌ನಲ್ಲಿ ಅಪರ್ಣಾ ಅವರ ವರಲಕ್ಷ್ಮಿ ನೆನಪಿದೆಯಲ್ಲ? ದೂರದರ್ಶನದ ಕಾಲದಿಂದ ಅಚ್ಚುಕಟ್ಟು ಕನ್ನಡ ಅಂದ್ರೆ ಅಪರ್ಣಾ ಅನ್ನುವಂತಿದ್ದವರು. ನಮ್ಮ ಮೆಟ್ರೊದಲ್ಲಿ ಕೇಳಿಸುವ ಕನ್ನಡದ ದನಿ ಅವರದೇ. ಅಂಥವರು ಜಂಬದ ಕೋಳಿ ವರಲಕ್ಷ್ಮಿಯಾಗಿ ಬಂದು ದೊಡ್ಡಮಂದಿಯ ಠೇಂಕಾರವನ್ನೇ ನಗೆಪಾಟಲು ಮಾಡಿದರು. ಅಂದರೆ ಮೇಲಿನವರ ಮಾತನ್ನೂ ಹಾಸ್ಯಕ್ಕೆ ಬಳಸಬಹುದು. ಆದರೆ ಒಂದು ಫರಕು ಅದ. ವರಲಕ್ಷ್ಮಿಯನ್ನು ನೋಡಿ ನಕ್ಕವರು ಮರುದಿನ ಮೆಟ್ರೊದಲ್ಲಿ ‘ಮುಂದಿನ ನಿಲ್ದಾಣ’ ಅಂತ ಕೇಳಿದಾಗ ನಗಲಿಲ್ಲ. 2024ರ ಜುಲೈನಲ್ಲಿ ಅವರು ತೀರಿಕೊಂಡ ಮರುದಿನ ಅದೇ ದನಿ ಕೇಳುತ್ತಾ ಆಫೀಸಿಗೆ ಹೋದೆವು, ಕಣ್ಣೊದ್ದೆಯಾಗಿತ್ತು. ಅಪರ್ಣಾ ಅವರ ಕನ್ನಡಕ್ಕೆ ನಗಿಸುವ ಕೆಲಸದ ಜೊತೆ ಬೇರೆ ಕೆಲಸಗಳೂ ಇದ್ದವು. ನಮ್ಮ ಕಡೆ ಮಾತಿಗೆ ಟೀವಿಯಲ್ಲಿ ಇದೊಂದೇ ಕೆಲಸ.

ಅದರಲ್ಲೂ ಟೀವಿಯಲ್ಲಿ ಕೇಳಿಸೋದು ನಮ್ಮ ಮಾತೇ ಅಲ್ಲ! ಈ ಸೂಕ್ಷ್ಮ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ‘ಯುಕೆ ಭಾಷೆ’ ಅಂತ ಸ್ಕಿಟ್ಟುಗಳಲ್ಲಿ ಬರೋದು ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆಯ ಮಾತು. ಅವರು ‘ಐತಿ’ ಅಂತಾರ, ನಾವು ‘ಅದ’ ಅಂತೀವಿ. ಅವರು ‘ಮಾಡಾಕತ್ತೇನಿ’ ಅಂದರೆ ನಾವು ‘ಮಾಡ್ಲಾಕತ್ತೀನಿ’. ನಮ್ಮ ಮಾತಿನಲ್ಲಿ ಉರ್ದು ಹಾಸುಹೊಕ್ಕಾಗಿದೆ. ಆಸ್ಪತ್ರೆಗೆ ದವಾಖಾನಿ, ಚಿಂತೆಗೆ ಫಿಕರ್, ಬೇಗ ಅನ್ನೋಕೆ ಜಲ್ದಿ. 1948ರ ಸೆಪ್ಟೆಂಬರ್ ತನಕ ನಿಜಾಮರ ರಾಜ್ಯದಲ್ಲಿದ್ದೆವಲ್ಲ, ಕಚೇರಿ ಭಾಷೆ ಅಡುಗೆಮನೆವರೆಗೂ ಬಂತು. ಹಾಗಂತ ನಮ್ಮಲ್ಲೂ ಎಲ್ಲ ಒಂದೇ ಥರ ಇಲ್ಲ. ಶಹಾಬಾದಿನ ಸಂತೆಯಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ದಖನಿಯಲ್ಲಿ ಮುಗಿಯುತ್ತೆ. ಚಿಂಚೋಳಿ, ಸೇಡಂ ಕಡೆ ಗಡಿ ದಾಟಿದರೆ ತೆಲಂಗಾಣ, ಹಾಗಾಗಿ ಬೀಗತನದ ಜೊತೆ ತೆಲುಗು ಮನೆಗೆ ಬರುತ್ತೆ. ವಾಡಿ ದೊಡ್ಡ ಜಂಕ್ಷನ್ನು, ಸಿಮೆಂಟಿನ ಊರು. ನಮ್ಮ ಓಣಿಯಲ್ಲೇ ಮರಾಠಿ, ತೆಲುಗು, ಹಿಂದಿ ಎಲ್ಲ ಇತ್ತು. ಚಿತ್ತಾಪುರದ ಹಳ್ಳಿಯಿಂದ ಬಂದ ನಮ್ಮ ಆಯಿ ‘ವಾಡಿ ಮಂದಿ ಬಾಯಿ ಕೆಟ್ಟದ’ ಅಂತಿದ್ದಳು. ಅಂದರೆ ನಮ್ಮ ಮಾತನ್ನು ನೋಡಿ ನಗುವ ಕೆಲಸ ಬೆಂಗಳೂರಿನವರಿಂದಲೇ ಶುರುವಾಗಿದ್ದಲ್ಲ ಬಿಡಿ, ಮೂವತ್ತು ಕಿಲೊಮೀಟರ್ ಆಚೆಯವರೂ ಮಾಡ್ತಾರೆ.

ಇಲ್ಲೊಂದು ತಮಾಷೆ ಹೇಳಲೇಬೇಕು. ಸೇಡಂ ತಾಲ್ಲೂಕಿನ ಮಳಖೇಡ ಗೊತ್ತಲ್ಲ, ಕಾಗಿಣಾ ದಂಡೆಯ ಊರು? ಅದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ ಕವಿರಾಜಮಾರ್ಗ ಬರೆದ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಅದು. ಅದರಲ್ಲಿ ತಿರುಳ್ಗನ್ನಡ ಎಲ್ಲಿದೆ ಅಂತ ಹೇಳುವಾಗ ಅವನು ನಾಲ್ಕು ಊರು ಎಣಿಸುತ್ತಾನೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಈಗಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ. ರಾಜ ಇರೋದು ಮಳಖೇಡದಲ್ಲಿ, ಒಳ್ಳೆಯ ಕನ್ನಡ ಇರೋದು ‘ಐತಿ’ ಅನ್ನುವ ಕಡೆ! ಸ್ಕಿಟ್ ಬರೆಯುವವರು ಸಾವಿರದ ನೂರು ವರ್ಷದ ಹಿಂದಿನ ಆ ನಕ್ಷೆಯನ್ನೇ ಇನ್ನೂ ಬಳಸ್ತಿದ್ದಾರೇನೋ ಅನ್ನಿಸುತ್ತೆ. ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಇದೆ. ಕನ್ನಡದ ದೇಸಿಗಳು ಎಷ್ಟು ಬಗೆ ಅಂದರೆ, ಅವುಗಳ ತಪ್ಪು ಎಣಿಸುತ್ತ ಹೋದರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು ಅಂತ. ನಮ್ಮ ಆಯಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ಸೇಡಂನಲ್ಲಿ ನಮ್ಮ ಕಾಕಾನ ಮನೆಯಿದೆ. ಅಲ್ಲಿ ಶನಿವಾರದ ಕಿಲಾಡಿಗಳಿಗಿಂತ ಗುರುವಾರದ ಜಬರ್ದಸ್ತ್ ದೊಡ್ಡದಾಗಿತ್ತು. ಕಾಕಿ ತಾಂಡೂರಿನವರು. ವಾಡಿಯಿಂದ ಸಿಕಂದರಾಬಾದ್ ಕಡೆ ಹೋಗುವ ರೈಲು ಚಿತ್ತಾಪುರ, ಮಳಖೇಡ, ಸೇಡಂ ದಾಟಿದರೆ ಸ್ವಲ್ಪ ಹೊತ್ತಿಗೇ ತಾಂಡೂರು. 2013ರಲ್ಲಿ ಈಟೀವಿ ತೆಲುಗಿನಲ್ಲಿ ಶುರುವಾದ ಜಬರ್ದಸ್ತ್‌ನಲ್ಲಿ ಆಗ ನಾಗಬಾಬು, ರೋಜಾ ಜಡ್ಜುಗಳಾಗಿದ್ದರು. ಟೀಂ ಲೀಡರುಗಳ ಕೈಕೆಳಗೆ ಐದಾರು ಜನರ ತಂಡ, ವಾರವಾರ ಹೊಸ ಸ್ಕಿಟ್ಟು, ಕೊನೆಗೆ ಗೆದ್ದವರ ಕೈಗೆ ಚೆಕ್ಕು. ಹೆಂಗಸರ ಪಾತ್ರಕ್ಕೆ ಗಂಡಸರೇ ಸೀರೆ ಉಟ್ಟು ಬರ್ತಿದ್ದರು. ಕೆಲವು ಜೋಕುಗಳು ಬಂದಾಗ ಕಾಕಾ ಕೆಮ್ಮಿ ನೀರು ಕುಡಿಯುವ ನೆವದಲ್ಲಿ ಎದ್ದು ಹೋಗ್ತಿದ್ದ. ನಾನು ರಜೆಗೆ ಹೋದಾಗೆಲ್ಲ ಅರ್ಧಂಬರ್ಧ ತಿಳಿದುಕೊಂಡು ನೋಡ್ತಿದ್ದೆ.

ಆ ಟೀಂ ಲೀಡರುಗಳಲ್ಲಿ ವೇಣು ಅಂತ ಒಬ್ಬರಿದ್ದರು, ತೆಲಂಗಾಣದ ಸಿರಿಸಿಲ್ಲ ಕಡೆಯವರು. ಜಬರ್ದಸ್ತ್ ವೇಣು ಅಂತಲೇ ಹೆಸರು. ತೆಲುಗು ಸಿನಿಮಾದಲ್ಲಿ ತೆಲಂಗಾಣದ ಮಾತಿನ ಗತಿಯೂ ನಮ್ಮದರ ಹಾಗೇ ಇತ್ತು. ಹೀರೊ ಕರಾವಳಿ ಆಂಧ್ರದ ತೆಲುಗು ಮಾತಾಡಿದರೆ, ತೆಲಂಗಾಣದ ಮಾತು ಬರ್ತಿದ್ದದ್ದು ರೌಡಿಗೆ ಇಲ್ಲವೇ ಕಾಮಿಡಿಯವನಿಗೆ. ಅಂಥ ವೇಣು 2023ರ ಮಾರ್ಚಿನಲ್ಲಿ ಬಲಗಂ ಅನ್ನುವ ಸಿನಿಮಾ ನಿರ್ದೇಶಿಸಿದರು. ಕಥೆ ಬಲು ಸಣ್ಣದು. ಹಳ್ಳಿಯಲ್ಲಿ ಮುದುಕ ಸಾಯುತ್ತಾನೆ, ಮೂರನೇ ದಿನ ಇಟ್ಟ ಎಡೆಯನ್ನು ಕಾಗೆ ಮುಟ್ಟೋದಿಲ್ಲ. ಯಾಕೆ ಮುಟ್ಟಲಿಲ್ಲ ಅಂತ ಹುಡುಕುತ್ತ ಮುರಿದ ಮನೆ ಮತ್ತೆ ಕೂಡುತ್ತೆ. ಪೂರ್ತಿ ಸಿನಿಮಾ ತೆಲಂಗಾಣದ ಮಾತಿನಲ್ಲೇ ಇದೆ. ಊರೂರಿನಲ್ಲಿ ಬಯಲಲ್ಲಿ ಪರದೆ ಕಟ್ಟಿ ಜನ ಒಟ್ಟಿಗೆ ಕೂತು ನೋಡಿದರು. ನಾನು ಕಾಕಾನ ಮನೆಯಲ್ಲಿ ಫೋನಿನಲ್ಲೇ ನೋಡಿದೆ. ಕಾಕಿ ಮುಸಿಮುಸಿ ಅಳುತ್ತ, ‘ಇಂವಾ ನಗಸ್ತಿದ್ದ ವೇಣು ಅಲ್ಲೇನು? ಹಿಂಗ್ ಅಳಸ್ತಾನಂತ ಗೊತ್ತಿದ್ದಿಲ್ಲ’ ಅಂದರು.

ನಮ್ಮಲ್ಲೂ ಇಂಥದ್ದು ಆಗಿತ್ತು, ಯಾಕೋ ಅಷ್ಟು ಸದ್ದಾಗಲಿಲ್ಲ. ವೈಜನಾಥ ಬಿರಾದಾರ ನಮ್ಮ ಪಕ್ಕದ ಬೀದರ್ ಜಿಲ್ಲೆಯವರು. ನೂರಾರು ಸಿನಿಮಾಗಳಲ್ಲಿ ಅವರಿಗೆ ಸಿಕ್ಕಿದ್ದು ಭಿಕ್ಷುಕ, ಕುಡುಕ, ಬಡಕಲು ಆಳಿನ ಪಾತ್ರಗಳೇ. ಮೈ ಸಣ್ಣದು, ಮಾತು ನಮ್ಮ ಕಡೆಯದು, ಇನ್ನೇನು ಬೇಕು? ಗಿರೀಶ ಕಾಸರವಳ್ಳಿ ಮಾತ್ರ 2010ರ ‘ಕನಸೆಂಬ ಕುದುರೆಯನೇರಿ’ಯಲ್ಲಿ ಅವರನ್ನು ಗೋರಿ ತೋಡುವ ಈರ್ಯಾನ ಪಾತ್ರಕ್ಕೆ ಹಾಕಿದರು. ಅದಕ್ಕೆ ಸ್ಪೇನಿನ ಮ್ಯಾಡ್ರಿಡ್‌ನ ಚಿತ್ರೋತ್ಸವದಲ್ಲಿ ಬಿರಾದಾರರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಜನ ನಗ್ತಿದ್ದ ಅದೇ ದನಿ, ಅದೇ ಬಡಕಲು ಮೈ. ಈ ಸಿನಿಮಾ ನೋಡಿಲ್ಲದಿದ್ದರೆ ದಯವಿಟ್ಟು ಹುಡುಕಿ ನೋಡಿ.

ಇದೆಲ್ಲ ಯಾಕೆ ತಲೆಗೆ ಹತ್ತಿತು ಅಂತ ಹೇಳ್ತೀನಿ. ಹೋದ ವರ್ಷ ಅಪ್ಪನನ್ನು ಬೆಂಗಳೂರಿನ ಒಂದು ದವಾಖಾನೆಗೆ ಕರಕೊಂಡು ಹೋಗಿದ್ದೆ. ಡಾಕ್ಟರ್ ನೋಡೋಕೆ ಮೊದಲು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ ಏನೇನು ತೊಂದರೆ ಅಂತ ಕೇಳಿ ಬರೆದುಕೊಳ್ಳುತ್ತಿದ್ದಳು. ಅಪ್ಪ ಶುರು ಮಾಡಿದ: ‘ಮಾಡಿ ಹತ್ತಬೇಕಾದ್ರ ದಮ್ಮ ಹತ್ತಲಾಕತ್ತದ್ರಿ. ಎಡಗಡಿ ಎದ್ಯಾಗ ಹಿಂಡಿದಂಗ ಆಗ್ತದ...’ ಹುಡುಗಿ ಪೆನ್ನು ನಿಲ್ಲಿಸಿ ನಕ್ಕಳು. ‘ಅಂಕಲ್, ನಿಮ್ ಮಾತು ಕೇಳೋಕೆ ಎಷ್ಟು ಚೆಂದ! ಟೀವಿ ಕಾಮಿಡಿ ಥರಾನೇ ಇದೆ.’ ಪಕ್ಕದಲ್ಲಿದ್ದ ಇನ್ನೊಬ್ಬಳೂ ನಕ್ಕಳು. ಅಪ್ಪನೂ ಮುಖದ ಮೇಲೊಂದು ನಗು ತಂದುಕೊಂಡ. ಮುಂದೆ ಕೇಳಿದ್ದಕ್ಕೆಲ್ಲ ‘ಹೂಂ’, ‘ಇಲ್ಲ’ ಅಷ್ಟೇ. ನಾನು ನನ್ನ ಬೆಂಗಳೂರು ಕನ್ನಡದಲ್ಲಿ ಉಳಿದದ್ದನ್ನು ಹೇಳಿ ಮುಗಿಸಿದೆ.

ಡಾಕ್ಟರು ನೋಡಿ ಮಾತ್ರೆ ಬರೆದುಕೊಟ್ಟರು. ಹೊರಗೆ ಬಂದು ಆಟೊ ಹತ್ತಿದ ಮೇಲೆ ಅಪ್ಪ ಹೇಳಿದ, ‘ರಾತ್ರಿ ಒಮ್ಮೊಮ್ಮಿ ಎಡಗೈ ಪೂರಾ ಜೋಮ್ ಹಿಡಿತದ ತಮ್ಮಾ. ಬೆವರು ಬರ್ತದ. ಅದೊಂದು ಹೇಳೋದು ಬಿಟ್ಟೆ ನೋಡು.’ ಯಾಕಪ್ಪಾ ಬಿಟ್ಟಿ ಅಂದೆ. ‘ಅವರು ನಗ್ಲಾಕತ್ತಿದ್ರಲ್ಲ.’ ಆಟೊ ತಿರುಗಿಸಿದೆವು. ಈ ಸಲ ಡಾಕ್ಟರ ಎದುರಿಗೇ ಕೂತು, ಅಪ್ಪ ತನ್ನ ಮಾತಿನಲ್ಲೇ ಹೇಳಿದ, ನಾನು ಬಾಯಿ ಹಾಕಲಿಲ್ಲ. ಎರಡು ದಿನದಲ್ಲಿ ಸ್ಟೆಂಟ್ ಹಾಕಿದರು. ಈಗ ಆರಾಮ ಇದ್ದಾನೆ, ಸಂಜೆಗೆ ಸ್ಟೇಷನ್ ತನಕ ನಡೆದು ಬರ್ತಾನೆ.

ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೊಗಳಿದ್ದೇ. ಕ್ಯಾಂಟೀನಿನ ಗೆಳೆಯನೂ ಹೊಗಳಿದ್ದೇ. ಅವಳ ಕಿವಿಗೆ ಆ ಧಾಟಿಯಲ್ಲಿ ಕಾಮಿಡಿ ಮಾತ್ರ ಕೇಳಿ ಅಭ್ಯಾಸ. ಎದೆನೋವು ಅದೇ ಧಾಟಿಯಲ್ಲಿ ಬಂದಾಗ ಕಿವಿ ಮೊದಲು ನಕ್ಕಿತು. ಟೀಂ ಔಟಿಂಗ್‌ನಲ್ಲಿ ಎರಡು ವರ್ಷ ಆ ಅಭ್ಯಾಸ ಮಾಡಿಸಿದವರಲ್ಲಿ ನಾನೂ ಒಬ್ಬ ಅನ್ನೋದು ಮಾತ್ರ ಆ ರಾತ್ರಿ ನಿದ್ದೆ ಕೊಡಲಿಲ್ಲ.

ಹಾಗಾದರೆ ನಗಿಸಲೇಬಾರದಾ? ಛೇ. ಗಂಗಾವತಿ ಪ್ರಾಣೇಶ್ ಅವರನ್ನು ಕೇಳಿ. ಅವರ ಮಾತಿಗೆ ಹೊಟ್ಟೆ ಹುಣ್ಣಾಗುವಷ್ಟು ನಗ್ತೀವಿ, ಆದರೆ ಮಾತನ್ನು ನೋಡಿ ಅಲ್ಲ. ಮೈಕು ಅವರ ಕೈಯಲ್ಲಿದೆ, ಜಗತ್ತನ್ನು ನೋಡಿ ನಗುತ್ತಿರುವವರು ಅವರು. ಅದೇ ಮಾತಿನಲ್ಲೇ ಬೀಚಿಯವರ ಬಗ್ಗೆ ಹೇಳ್ತಾರೆ, ಅದೇ ಮಾತಿನಲ್ಲೇ ತಮ್ಮ ಬಡತನದ ದಿನಗಳನ್ನೂ ಹೇಳ್ತಾರೆ, ಸಭೆ ಗಪ್ಪಾಗುತ್ತೆ. ಕಿಲಾಡಿಗಳಲ್ಲಿ ಬೆಳಗಾವಿ ಕಡೆಯ ಸಂಜು ಬಸಯ್ಯ ಬಂದಾಗಲೂ ಸ್ವಲ್ಪ ಹೀಗೇ ಅನ್ನಿಸಿತ್ತು. ಬೆಂಗಳೂರಿನ ನಟ ಬಾಯಿ ತಿರುಚಿ ‘ಐತ್ರೀ’ ಅನ್ನೋದಕ್ಕೂ ಸಂಜು ಸಲೀಸಾಗಿ ‘ಐತಿ’ ಅನ್ನೋದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಮಾತೇ ಜೋಕು. ಎರಡನೆಯದರಲ್ಲಿ ಜೋಕು ಬೇರೆ ಇರಬೇಕಾಗುತ್ತೆ, ಬರೆಯುವವರಿಗೆ ಕೆಲಸ ಹೆಚ್ಚು. ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ ಬೆಳೆದ ಯೋಗರಾಜ್ ಭಟ್ಟರು ತೀರ್ಪುಗಾರರ ಕುರ್ಚಿಯಲ್ಲಿ ಕೂತು ಆ ಕಡೆ ಧಾಟಿಯಲ್ಲೇ ಎರಡು ಮಾತು ಎಸೆದಾಗ ನನಗೆ ಸ್ಕಿಟ್ಟಿಗಿಂತ ಅದೇ ಖುಷಿ ಕೊಡ್ತಿತ್ತು, ಯಾಕಂದ್ರೆ ಅಲ್ಲಿ ಆ ಮಾತು ಮಾರ್ಕ್ಸ್ ಕೊಡುವವರ ಮಾತು.

ಇನ್ನು ಸೇಡಂನ ವಿಷಯಕ್ಕೆ ಬರ್ತೀನಿ. ಅಲ್ಲೇ ಕೊಟ್ಟಿರುವ ನಮ್ಮ ಅಕ್ಕನ ಮಗ ಎಂಟನೇ ಕ್ಲಾಸು. ಡಿಸೆಂಬರಿನಲ್ಲಿ ಸಾಲಿ ಗ್ಯಾದರಿಂಗ್‌ಗೆ ನಾಕು ಹುಡುಗರು ಸೇರಿ ಸ್ಕಿಟ್ ಮಾಡ್ತಾರಂತೆ. ‘ಮಾಮಾ, ಬರದೀನಿ, ಒಂದ್ಸಲ ನೋಡು’ ಅಂತ ನೋಟ್‌ಬುಕ್ಕಿನ ಫೋಟೊ ಕಳಿಸಿದ. ಡಾಕ್ಟರು, ಕಂಪೌಂಡರು, ಇಬ್ಬರು ಪೇಷೆಂಟು. ಚೆನ್ನಾಗೇ ಇತ್ತು, ಎರಡು ಕಡೆ ನಿಜವಾಗಲೂ ನಕ್ಕೆ. ಆಮೇಲೆ ಗಮನಿಸಿದೆ. ಡಾಕ್ಟರು ‘ಏನ್ ಆಗಿದೆ ನಿಮಗೆ, ಬನ್ನಿ ಕೂತ್ಕೊಳ್ಳಿ’ ಅಂತ ಅಪ್ಪಟ ಬೆಂಗಳೂರು ಕನ್ನಡದಲ್ಲಿ ಮಾತಾಡ್ತಾನೆ. ಪೇಷೆಂಟು ‘ಹೊಟ್ಟಿ ನೋವ್ ಐತ್ರಿ’ ಅಂತಾನೆ. ಸೇಡಂನ ಹುಡುಗ, ತಾನು ಹುಟ್ಟಿದಾಗಿನಿಂದ ‘ಅದ’ ಅಂತ ಆಡಿದವ, ನಗಿಸಬೇಕು ಅಂದಾಗ ‘ಐತಿ’ ಅಂತ ಬರೆದಿದ್ದಾನೆ. ಅವನಿಗೂ ಅವನ ಊರಿನ ಡಾಕ್ಟರಿಗೂ ಈ ಸ್ಕಿಟ್ಟಿನಲ್ಲಿ ಮಾತೇ ಇಲ್ಲ.

ಫೋನು ಮಾಡಿ ಹೇಳಿದೆ, ‘ಏ ತಮ್ಮಾ, ನಿಮ್ಮೂರ ಡಾಕ್ಟರ್ ಹಿಂಗ ಮಾತಾಡ್ತಾರೇನು?’

‘ಇಲ್ಲ ಮಾಮಾ. ಆ ಡಾಕ್ಟರ್ ನಮ್ಮಂಗೇ ಮಾತಾಡ್ತಾರ. ಆದ್ರ ಸ್ಕಿಟ್‌ನ್ಯಾಗ ಹಿಂಗೇ ಇರ್ತದಲ್ಲ?’

‘ಎಲ್ಲಾರೂ ನಮ್ಮಂಗೇ ಮಾತಾಡಿದ್ರ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಡಾಕ್ಟರ್ ಸೈತ ನಮ್ಮಂಗೇ ಮಾತಾಡಿದ್ರ ಮಂದಿ ಯಾಕ ನಗ್ತಾರ ಮಾಮಾ? ನಗೂ ಎಲ್ಲಿಂದ ತರ್ಲಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಅದನ್ನ ಕೂಡಿ ಹುಡುಕೂಣು’ ಅಂದೆ. ಆ ಭಾನುವಾರ ಎರಡು ತಾಸು ವಿಡಿಯೊ ಕಾಲ್‌ನಲ್ಲಿ ಕೂತೆವು. ಡಾಕ್ಟರಿಗೆ ಅರ್ಧ ತಾಸಿಗೊಮ್ಮೆ ಕರೆಂಟು ಹೋಗುವ ಪೀಡೆ ಹಚ್ಚಿದೆವು, ಕಂಪೌಂಡರಿಗೆ ಎಲ್ಲದಕ್ಕೂ ಒಂದೇ ಗುಳಗಿ ಕೊಡುವ ಚಟ. ಅಕ್ಕ ಹಿಂದಿನಿಂದ ‘ಪೇಷೆಂಟಿನ ಹೇಣ್ತಿ ಬರ್ಲಿ, ಡಾಕ್ಟರ್‌ಗೇ ಔಷಧ ಹೇಳ್ಲಿ’ ಅಂತ ಕೂಗಿದಳು. ಅದೇ ಎಲ್ಲಕ್ಕಿಂತ ಚಲೋ ಬಂತು. ಆ ಪಾತ್ರ ಮಾಡಲು ಹುಡುಗ ಒಪ್ಪುತ್ತಿಲ್ಲ, ಸೀರೆ ಉಡೋದಿಲ್ಲ ಅಂತಾನಂತೆ. ಕ್ಲಾಸಿನ ಹುಡುಗಿಯರನ್ನೇ ಕೇಳಿ ನೋಡು ಅಂದಿದ್ದೀನಿ. ಗ್ಯಾದರಿಂಗ್‌ಗೆ ಇನ್ನೂ ಮೂರು ವಾರ ಅದ.